ಕಣ್ಣಾರೆ ಕಂಡವರು

ತೊಂಬತ್ತರ ದಶಕದಲ್ಲಿ, ಕಂಟೋನ್ಮೆಂಟಿನ ಪೊಲೀಸ್ ಠಾಣೆಯೊಂದರ ಎದುರು ಹಿರಿಯರೊಬ್ಬರ ಟೀ ಅಂಗಡಿಯಿತ್ತು. ಪೊಲೀಸರು ಎಲ್ಲೇ ಮಹಜರು ಮಾಡಲಿ, ಸಾಕ್ಷಿಯ ಸಹಿ ಈ ಅಂಗಡಿಯವರದೇ. ಹಲಸೂರಿನಲ್ಲಿ ಸಿಕ್ಕ ಚಾಕುವಾಗಲಿ, ಶಿವಾಜಿನಗರದ ಕಳವು ಮಾಲಾಗಲಿ, ಕೋರ್ಟಿನಲ್ಲಿ ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದರಂತೆ: "ನಾನೇ ಕಣ್ಣಾರೆ ನೋಡ್ದೆ ಸ್ವಾಮಿ." ಠಾಣೆಗೆ ಟೀ ಒಯ್ಯುವುದು, ಕೋರ್ಟಿಗೆ ಹೋಗುವುದು ಬಿಟ್ಟರೆ ಅವರು ಅಂಗಡಿಯಿಂದ ಕದಲಿದ್ದನ್ನು, ದಿನವೂ ಅಲ್ಲಿ ಟೀ ಕುಡಿಯುತ್ತಿದ್ದ ನಾನಂತೂ ಕಂಡಿರಲಿಲ್ಲ.

ಒಮ್ಮೆ ಮರ್ಫಿ ಟೌನಿನ ಯುವಕನೊಬ್ಬ ಅದೇ ಠಾಣೆಯ ಲಾಕಪ್ಪಿನಲ್ಲಿ ಸತ್ತ. ಮರುದಿನ ಅವನ ತಾಯಿ ಅಂಗಡಿಗೆ ಬಂದಳು.

"ನಿನ್ನೆ ಒಳಗೆ ಟೀ ಕೊಡೋಕೆ ಹೋಗಿದ್ರಲ್ಲಣ್ಣ, ನನ್ ಮಗನ್ನ ಹೊಡೀತಿದ್ರಾ?"

"ಕಣ್ಣಿಗೆ ಪೊರೆ ಬಂದಿದೆಯಮ್ಮ, ಏನೂ ಕಾಣ್ಸಲ್ಲ."

ಆಕೆ ಹೊರಟುಹೋದಳು. ಅವರು ಇನ್‌ಸ್ಪೆಕ್ಟರಿಗೆಂದು ಸೋಸಿಟ್ಟಿದ್ದ ಟೀಯಲ್ಲಿ ತೇಲುತ್ತಿದ್ದ ಇರುವೆಯೊಂದನ್ನು ಬೆರಳ ತುದಿಯಲ್ಲಿ ಎತ್ತಿ ಹಾಕಿದರು.