ಒರ್ಲೀನಾ ಕೆರೆದ ಸಮಾಧಿಗಳು

ಟ್ಯಾಕೆಟ್ ಮನೆತನದ ಸಮಾಧಿಗುಡ್ಡದಲ್ಲಿ ಒಂದು ಎಸಳು ಹುಲ್ಲು ಕಂಡರೂ ಒರ್ಲೀನಾಳಿಗೆ ಮೈ ಉರಿಯುತ್ತಿತ್ತು. ಸಮಾಧಿಯ ಮೇಲೆ ಹುಲ್ಲು ಬೆಳೆದರೆ ಆ ಮನೆಯ ಹೆಂಗಸರಿಗೆ ಕೈಕಾಲು ಬಿದ್ದುಹೋಗಿದೆಯೇ ಎಂದು ಕಣಿವೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಟೆನೆಸ್ಸಿಯ ನಮ್ಮ ಬೆಟ್ಟಗಳಲ್ಲಿ ಯಾರ ಬಾಯಿಗೂ ಬೀಗವಿಲ್ಲ. ಅದಕ್ಕೇ ಪ್ರತಿ ಮೇ ತಿಂಗಳು, ಸತ್ತವರಿಗೆ ಹೂವಿಡುವ ಭಾನುವಾರ ಬರುವ ಮುಂಚೆ, ಅವಳು ಗುದ್ದಲಿ ಹಿಡಿದು ಗುಡ್ಡ ಹತ್ತುವಳು. ಚಿಕ್ಕ ಕಲ್ಲುಗಳನ್ನು ಎತ್ತಿ ಬೇಲಿಯ ಬದಿಗಿಟ್ಟು, ನೆಲ ಕೆರೆದು, ಗುಡಿಸಿ, ಕಲ್ಲುಗಳನ್ನು ಮತ್ತೆ ಊರುವಳು. ಅತ್ತೆ ಕಲಿಸಿದ್ದು ಹಾಗೆ, ಅತ್ತೆಗೆ ಅವಳತ್ತೆ.

ಗುಡ್ಡದ ನೆತ್ತಿಯಲ್ಲಿ ಜೆರೆಮಯಾ ಟ್ಯಾಕೆಟ್ ಮಲಗಿದ್ದ. ಒಂದು ಕೊಡಲಿ, ಒಂದು ಕುಂಟು ಕುದುರೆ, ಬಸುರಿ ಹೆಂಡತಿ, ಇಷ್ಟನ್ನು ಕಟ್ಟಿಕೊಂಡು ಬೆಟ್ಟ ದಾಟಿ ಬಂದು ಕಣಿವೆಯಲ್ಲಿ ಮೊದಲು ಒಲೆ ಹಚ್ಚಿದವನು. ಮೊದಲು ಎಂದರೆ ಬಿಳಿಯರಲ್ಲಿ ಮೊದಲು. ಅವನಿಗಿಂತ ಮುಂಚೆ ಅಲ್ಲಿ ಮಣ್ಣಾದ ಚೆರೊಕೀ ಜನರ ಸುದ್ದಿಯನ್ನು ಟ್ಯಾಕೆಟ್ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೆಸರು ಕೆತ್ತಿದ ಕಲ್ಲು ಅವನಿಗೆ ಮಾತ್ರ. ಉಳಿದವರಿಗೆ ಹಳ್ಳದಿಂದ ಹೊತ್ತು ತಂದ ಬೋಳು ಕಲ್ಲು. ಯಾವುದು ಯಾರದು ಎನ್ನುವುದು ಹೆಂಗಸರ ನೆನಪಿನಲ್ಲಿತ್ತು.

ಒರ್ಲೀನಾ ಆ ಮನೆಗೆ ಹದಿನಾರರ ಸೊಸೆಯಾಗಿ ಬಂದವಳು. ಹೆತ್ತದ್ದು ಒಂದೇ ಮಗು, ಡೆಲ್ಫಿ. ಮಾತು ಕಲಿಯುವಷ್ಟರಲ್ಲಿ ಗಂಟಲುಮಾರಿ ಅದನ್ನು ಕೊಂಡೊಯ್ದಿತು. ಎಷ್ಟೋ ವರ್ಷದ ಮೇಲೆ ಗಂಡ ಎಲ್ಜಿ ತಾನೇ ಕಡಿದ ಮರದಡಿ ಸಿಕ್ಕಿ ಸತ್ತ. ಮಗುವಿನ ಕಲ್ಲಿನ ಎಡಕ್ಕೆ ಅವನನ್ನು ಮಣ್ಣು ಮಾಡಿದರು. ಬಲಗಡೆಯ ಜಾಗ ತನ್ನದು ಎಂದು ಅವಳು ಆಗಲೇ ಹೇಳಿಟ್ಟಿದ್ದಳು.

ಸಾವಿರದ ಒಂಬೈನೂರ ಮೂವತ್ತೈದರಲ್ಲಿ ನದಿಗೆ ಅಣೆಕಟ್ಟು ಬಂತು. ಕಣಿವೆ ಪೂರ್ತಿ ಮುಳುಗಡೆ. ಮನೆಯವರು ಕೇಳಿದರೆ ಸಮಾಧಿಗಳನ್ನು ತೆಗೆದು ಮೇಲಿನ ಹೊಸ ಸ್ಮಶಾನಕ್ಕೆ ಸಾಗಿಸುತ್ತೇವೆ ಎಂದು ಅಣೆಕಟ್ಟಿನವರು ಹೇಳಿದರು. ಒರ್ಲೀನಾ ಒಬ್ಬರನ್ನೂ ಬಿಡಬೇಡಿ ಎಂದಳು.

ಅಗೆಯುವ ದಿನ ಮೈದುನ ಹೋಬರ್ಟ್ ಅವಳ ತೋಳು ಹಿಡಿದ.

"ಅತ್ತಿಗೆ, ಆ ಕಡೆ ಹೋಗಿ ಕೂತ್ಕೊಳ್ಳಿ. ಇದೆಲ್ಲ ನೋಡೋ ಅಂಥದ್ದಲ್ಲ."

"ಹುಟ್ಟಿದ್ದು ನೋಡಿದೀನಿ, ಸತ್ತದ್ದು ನೋಡಿದೀನಿ. ಈಗೇನು ಹೊಸದಾಗಿ ನಾಚಿಕೆ?"

ಜೆರೆಮಯಾನ ಜಾಗದಲ್ಲಿ ಸಿಕ್ಕಿದ್ದು ಒಂದು ಬುಟ್ಟಿ ಕಪ್ಪು ಮಣ್ಣು, ಮೂಳೆಯಲ್ಲಿ ಮಾಡಿದ ಕೆಲವು ಬಟನ್ನು. ಹೋಬರ್ಟ್ ಟೋಪಿ ತೆಗೆದು, "ಮುತ್ತಜ್ಜ ಅಂದ್ರೆ ಇಷ್ಟೇನಾ?" ಎಂದ. ಜೀವಮಾನವಿಡೀ ಆ ಹೆಸರು ಹೇಳಿಕೊಂಡು ಮೆರೆದವನ ಮುಖ ನೋಡುವ ಹಾಗಿರಲಿಲ್ಲ. ಎಲ್ಜಿಯ ಪೆಟ್ಟಿಗೆ ಮಾತ್ರ ಗಟ್ಟಿಯಾಗಿತ್ತು. ಅದನ್ನು ಲಾರಿಗೆ ಏರಿಸಿದರು.

ಆಮೇಲೆ ಡೆಲ್ಫಿಯ ಕಲ್ಲು ಕಿತ್ತು ಅಗೆದರು. ಎದೆಮಟ್ಟ ಇಳಿದರೂ ಹಳದಿ ಜೇಡಿ ಬಿಟ್ಟರೆ ಏನಿಲ್ಲ. ಮೇಸ್ತ್ರಿ ವೈಲಿ ಮೇಲೆ ಬಂದು ಕೈ ಒರೆಸಿಕೊಂಡ.

"ತಾಯಿ, ಇಲ್ಲಿ ಯಾರೂ ಯಾವತ್ತೂ ಅಗೆದೇ ಇಲ್ಲ. ಅಲ್ಲಾಡದ ಮಣ್ಣು ಇದು."

"ಹೆತ್ತೋಳಿಗೆ ಹೇಳ್ತೀಯಾ? ಇನ್ನೊಂಚೂರು ಆ ಕಡೆ ಅಗಿ."

ಆ ಕಡೆ ಅಗೆದರು, ಈ ಕಡೆ ಅಗೆದರು. ಎಲ್ಲೆಲ್ಲೂ ಅದೇ ಜೇಡಿ.

"ಕಲ್ಲನ್ನ ಯಾರಾದ್ರೂ ಕದಲಿಸಿದ್ರಾ?" ವೈಲಿ ಮೆಲ್ಲಗೆ ಕೇಳಿದ.

"ಯಾರು ಕದಲಿಸ್ತಾರೆ? ವರ್ಷಾ ವರ್ಷಾ ನಾನೇ ಎತ್ತಿಟ್ಟು, ಕೆರೆದು, ಮತ್ತೆ..."

ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಕಲ್ಲು ಒಂದು ವರ್ಷ ಒಂದು ಬೆರಳು ಆಚೆ, ಇನ್ನೊಂದು ವರ್ಷ ಎರಡು ಬೆರಳು ಕೆಳಗೆ. ಮಗುವಿನ ನೆಲ ಚೊಕ್ಕಟವಾಗಿರಲಿ ಎಂದು ಅಷ್ಟು ವರ್ಷ ಬೆನ್ನು ಬಗ್ಗಿಸಿ, ತನ್ನ ಕೈಯಾರೆ ಮಗುವನ್ನು ಕಳೆದುಹಾಕಿದ್ದಳು. ಇಂಥ ಶಿಕ್ಷೆ ಹಗೆಗೂ ಬೇಡ.

"ಬಿಡಿ ಅತ್ತಿಗೆ," ಹೋಬರ್ಟ್ ಅಂದ. "ಒಂದು ಹಿಡಿ ಮಣ್ಣು ಪೆಟ್ಟಿಗೆಗೆ ಹಾಕಿ ಹೆಸರು ಬರೆಸೋಣ. ದೇವರಿಗೆ ಗೊತ್ತು ಅವಳೆಲ್ಲಿದಾಳೆ ಅಂತ."

"ದೇವರಿಗೆ ಗೊತ್ತು ಕಣೋ. ನಂಗೆ ಗೊತ್ತಿಲ್ವಲ್ಲ!"

ಹೊತ್ತು ಇಳಿಯುವವರೆಗೂ ವೈಲಿಯ ಆಳುಗಳು ಪಾಪ, ಬೇಸರಿಸದೆ ಅಗೆದರು. ಕೊನೆಗೆ ಅವರೂ ಸನಿಕೆ ಕೆಳಗಿಟ್ಟರು. ನದಿ ಆಗಲೇ ಕೆಳಗಿನ ಹೊಲಗಳಿಗೆ ನುಗ್ಗಿತ್ತು, ಮತ್ತೊಂದು ದಿನ ಅಗೆಯುವ ಹಾಗಿರಲಿಲ್ಲ. ಒರ್ಲೀನಾ ಎದ್ದು ಲಾರಿಯ ಹತ್ತಿರ ಹೋದಳು.

"ಎಲ್ಜಿನ ಇಳಿಸಿ. ಇದ್ದ ಜಾಗದಲ್ಲೇ ಇಡಿ."

"ಹುಚ್ಚು ಹಿಡೀತಾ ಅತ್ತಿಗೆ?" ಹೋಬರ್ಟ್ ಕೂಗಿದ. "ಅಣ್ಣನ್ನ ನೀರಲ್ಲಿ ಮುಳುಗಿಸ್ತೀರಾ? ನಾಳೆ ನಿಮ್ಮನ್ನ ಯಾರ ಪಕ್ಕ ಮಲಗಿಸ್ಲಿ ನಾನು?"

"ಜಾಗ ಇದ್ದಲ್ಲಿ ಮಲಗಿಸು. ಅವಳಿಗೆ ಕತ್ತಲು ಅಂದ್ರೆ ಭಯ ಕಣೋ ಹೋಬರ್ಟ್. ಎಲ್ಲೋ ಇಲ್ಲೇ ಇದಾಳೆ. ಒಬ್ಬಳನ್ನೇ ಬಿಟ್ಟು ಹೆಂಗೆ ಬರಲಿ? ಅಪ್ಪನಾದ್ರೂ ಇರಲಿ."

ಪೆಟ್ಟಿಗೆಯನ್ನು ಮತ್ತೆ ಇಳಿಸಿದರು. ಮಣ್ಣನ್ನು ಅವಳೇ ಎಳೆದು ಮುಚ್ಚಿದಳು.

ಒರ್ಲೀನಾ ಆಮೇಲೆ ಬಹಳ ಕಾಲ ಬದುಕಿದಳು. ಹೊಸ ಸ್ಮಶಾನದಲ್ಲಿ ಅವಳ ಎಡಕ್ಕೂ ಬಲಕ್ಕೂ ಯಾರೋ ಪರಿಚಯವಿಲ್ಲದವರು ಮಲಗಿದ್ದಾರೆ.