ಮಾವನ ವಿಮಾನ ಕಟ್ಟಿದ್ದು

ಸೂಜಿಯ ಸಣ್ಣ ಕೆಲಸ ಬಲ್ಲ ಹೆಣ್ಣುಮಗಳು ಅದನ್ನು ಗಂಡನ ಮನೆಯಲ್ಲಿ ತೋರಿಸಿಕೊಳ್ಳಬಾರದು. ನಾನು ತೋರಿಸಿಕೊಂಡು ಕೆಟ್ಟೆ. ಅಥಣಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮದುವೆ ಬ್ಲೌಸುಗಳಿಗೆ ಮಣಿ, ಚಮಕಿ, ಜರಿ ಹಾಕುವುದು ನನ್ನ ಉದ್ಯೋಗ. ಆ ಸೂಜಿಯ ಮೇಲೆ ನಮ್ಮ ಮಾವನ ಕಣ್ಣು ಬಿತ್ತು.

ಮಾವ ವಾಯುಸೇನೆಯಲ್ಲಿದ್ದವರು. ಊರಿಗೆಲ್ಲ ಪೈಲಟ್ ಅಜ್ಜ. ಅವರ ಕಪಾಟಿನಲ್ಲಿ ಮೊಳದುದ್ದದ ಒಂದು ಹಳೆಯ ಪ್ಲಾಸ್ಟಿಕ್ ವಿಮಾನವಿದೆ. ಎರಡು ಪಂಖಗಳ, ಸಾಮಾನು ಸಾಗಿಸುವ ವಿಮಾನದ ಮಾದರಿ. ವರ್ಗವಾಗಿ ಹೋಗುವಾಗ ಯಾರೋ ಸಾಹೇಬರು ಕೊಟ್ಟು ಹೋದದ್ದಂತೆ. ಅದರ ಮೈ ಬೋಳು ಬೋಳಾಗಿದೆ, ನಿಜವಾದ ವಿಮಾನದ ಮೈಮೇಲಿರುವ ಮೊಳೆ, ತಂತಿ, ಹಿಡಿಕೆ ಒಂದೂ ಇಲ್ಲ ಎಂಬುದು ಅವರ ಕೊರಗು. ಈಗ ಅವರ ಕೈ ನಡುಗುತ್ತದೆ. ಕೈ ನನ್ನದು, ಬಾಯಿ ಅವರದು ಎಂದು ತೀರ್ಮಾನವಾಯಿತು.

“ನನ್ನ ಹಿಂದ ಉಳಿಯೂದು ಇದೊಂದ, ಯವ್ವಾ. ಮಂದಿ ಇದನ್ನ ನೋಡಿ ನನ್ನ ನೆನಸಬೇಕು. ತಪ್ಪ ಇರಬಾರದು ನೋಡು,” ಎಂದರು. ಅದಕ್ಕೆ ಇಲ್ಲ ಅನ್ನುವುದು ಹೇಗೆ?

ಮದುವೆ ಹಂಗಾಮು. ಬ್ಲೌಸುಗಳು ರಾಶಿ ಬಿದ್ದಿವೆ. ನಾನು ಸೂಜಿಯ ಮೊನೆಯಲ್ಲಿ ಅಂಟು ತೆಗೆದು ರೆಕ್ಕೆಯ ಮೇಲೆ ಸಾಸಿವೆಗಿಂತ ಸಣ್ಣ ಮಣಿಯ ಮೊಳೆಗಳನ್ನು ಇಡುತ್ತಿದ್ದೇನೆ. ಮಾವ ಕುರ್ಚಿ ಎಳೆದುಕೊಂಡು ನನ್ನ ಹೆಗಲ ಮೇಲೆಯೇ ಉಸಿರು ಬಿಡುತ್ತಾರೆ. ಕೈ ನಡುಗಿದರೇನು, ಕಣ್ಣು ಹದ್ದಿನದು. ಒಂದು ಸಾಲು ಸೊಟ್ಟಗಾದರೆ ಕೆರೆದು ಮತ್ತೆ ಹಾಕಿಸುತ್ತಾರೆ. ರೆಕ್ಕೆಯಲ್ಲಿ ಇಂಧನದ ಎಣ್ಣೆ ತುಂಬುವ ಬಾಯಿಯ ಮುಚ್ಚಳಕ್ಕಂತೂ ನನ್ನ ಜೀವ ಹಿಂಡಿದರು. ಕೆಂಪು ಚಮಕಿ ಅಂಟಿಸಿದರೆ ದೊಡ್ಡದಾಯಿತು ಎಂದರು. ಮಣಿ ಇಟ್ಟರೆ ಉಬ್ಬಿತು ಎಂದರು. ಕೊನೆಗೆ ಕೆಂಪು ಚಮಕಿಯನ್ನೇ ಸಣ್ಣಗೆ ಕತ್ತರಿಸಿ ಅಂಟಿಸಿ ಸರಿಯಾಯಿತು ಅನ್ನುವಾಗ,

“ಮುಚ್ಚಳಕ್ಕ ಸರಪಳಿ ಎಲ್ಲೈತಿ? ಸರಪಳಿ ಇಲ್ಲಂದ್ರ ಗಾಳಿಗಿ ಹಾರಿ ಹೊಕ್ಕೈತಿ.”

“ಮಾವಾರ, ಇದು ಎಲ್ಲಿ ಹಾರಾಕ ಹೊಂಟೈತ್ರಿ? ಕಪಾಟಿನ್ಯಾಗ ಇರೂದು.”

“ಎಲ್ಲರ ಇರ್ಲಿ. ಸರಪಳಿ ಇರಬೇಕು.”

ಜರಿಯ ಎಳೆ ಬಿಚ್ಚಿ, ಹೊಸೆದು, ಸರಪಳಿ ಹಾಕಿದೆ. ಇಷ್ಟೆಲ್ಲ ಕಾಡುವ ಮನುಷ್ಯ, ಪೈಲಟ್ ಕೂಡುವ ಜಾಗ ಹೇಗಿರುತ್ತದೆ, ಕುರ್ಚಿ ಯಾವ ಬಣ್ಣ ಎಂದು ಕೇಳಿದರೆ ಮಾತ್ರ, “ಅಲ್ಲೇನ ಕಾಣಸ್ತೈತಿ, ಬಿಡು,” ಎಂದು ಮುಖ ತಿರುಗಿಸುತ್ತಿದ್ದರು. ನನಗೆ ರೇಗಿತು. ಪೈಲಟ್ ಇಲ್ಲದ ವಿಮಾನ ಕಟ್ಟುವುದೇ? ಪೈಪಿನ ಸೋರಿಕೆಗೆ ಹಚ್ಚುವ ಸೀಲಿನ ಮುದ್ದೆಯಿಂದ ಒಂದು ಬೊಂಬೆ ಮಾಡಿದೆ. ಅವರ ಹಳೆಯ ಫೋಟೋದಲ್ಲಿದ್ದ ಹುರಿ ಮೀಸೆಯನ್ನು ಬರೆದೆ. ಅವರು ಸ್ನಾನಕ್ಕೆ ಹೋದಾಗ ಮುಂದಿನ ಗಾಜು ಎತ್ತಿ ಒಳಗೆ ಕೂಡಿಸಿದೆ. ನೋಡಿ ಖುಷಿಪಟ್ಟಾರು, ನನ್ನನ್ನು ಬಿಟ್ಟಾರು ಎಂದುಕೊಂಡಿದ್ದೆ.

ಬೊಂಬೆಯ ಅಂಟು ಒತ್ತಿ ಹಿಡಿದಿದ್ದಾಗಲೇ ಸತ್ತಿ ಊರಿನಿಂದ ನನ್ನ ಕಾಕಾನ ಹೆಂಡತಿ ಚಿಗವ್ವನ ಫೋನು ಬಂತು. ಮಗಳನ್ನು ನೋಡಲು ಗಂಡಿನವರು ಬರುತ್ತಾರೆ, ನೀ ಬಾ ಎಂದಳು.

“ಆಗೂದಿಲ್ಲ ಚಿಗವ್ವಾ. ನಮ್ಮ ಮನ್ಯಾಗ ಮಾವಾರ ವಿಮಾನ ಕಟ್ಟೂದ ನಡದೈತಿ,” ಎಂದು ಮೊಳಕೈಯಿಂದ ಫೋನು ಆಚೆ ತಳ್ಳಿದೆ. ಆಮೇಲೆ ಅದು ಎಷ್ಟು ಬಾರಿ ಒದರಿತೋ, ನಾನು ಎತ್ತಲಿಲ್ಲ.

ನಮ್ಮ ಕಡೆ ಸತ್ತವರನ್ನು ಕೂಡಿಸಿ ಒಯ್ಯಲು ಬಿದಿರಿನಲ್ಲಿ ಕಟ್ಟುತ್ತಾರಲ್ಲ, ಅದಕ್ಕೂ ವಿಮಾನವೆಂದೇ ಹೆಸರು. ನನ್ನ ಬುದ್ಧಿಗೆ ಅದು ಹೊಳೆದದ್ದು ಚಿಗವ್ವ, ಕಾಕಾ ಇಬ್ಬರೂ ಚೆಂಡುಹೂವಿನ ಮಾಲೆ ಹಿಡಿದು ಬಾಗಿಲಲ್ಲಿ ಇಳಿದಾಗ. “ಹೋದ್ಯೇನೋ ನಮ್ಮಪ್ಪಾ!” ಎಂದು ಎದೆ ಬಡಿದುಕೊಳ್ಳುತ್ತ ಚಿಗವ್ವ ಒಳಗೆ ಬಂದಳು. ಮಾವ ಕುರ್ಚಿಯಲ್ಲಿ ಕೂತು ಚುರಮರಿ ತಿನ್ನುತ್ತಿದ್ದರು.

“ಎಲ್ಲಿ ಹೋಗ್ಲೆವಾ?” ಎಂದರು.

ನೆಲ ಬಿರಿಯಬಾರದೇ ಅನ್ನಿಸಿತು. ಚಿಗವ್ವ ಮೊದಲು ನನ್ನನ್ನು ಬೈದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಚಹಾ ಇಟ್ಟೆ. ಬಂದ ದಾರಿಯುದ್ದಕ್ಕೂ ಸತ್ತವರ ಗುಣಗಾನ ಮಾಡಿಕೊಂಡು ಬಂದವರು, ಅದನ್ನು ಅರ್ಧಕ್ಕೆ ಬಿಡಲಾಗದೆ ಕಾಕಾ ಎದುರಿಗೇ ಶುರುಮಾಡಿದರು. “ಬೀಗರ, ನೀವು ಗುಂಡಿನ ಮಳ್ಯಾಗ ವಿಮಾನ ಹೊಡಕೊಂಡು ಹೋಗಿ ಮಂದಿನ್ನ ಉಳಿಸಿಕೊಂಡ ಬಂದೀರಂತ. ನಿಮ್ಮಂಥಾ ಪೈಲಟ್ ನಮ್ಮ ಸೀಮ್ಯಾಗ ಯಾರದಾರ್ರಿ?” ಚಿಗವ್ವ ಮಾದರಿಯ ಗಾಜಿನೊಳಗೆ ಇಣುಕಿ, “ನೋಡ್ರಿಲ್ಲೆ, ರಾಜಾನಂಗ ಕುಂತಾರ,” ಎಂದಳು. ಮಾವ ತಟ್ಟೆ ಬದಿಗೆ ಸರಿಸಿದರು. ಚುರಮರಿ ಹಾಗೇ ಉಳಿಯಿತು.

ಅವರು ಹೋದ ಮೇಲೆ ನನ್ನನ್ನು ಕರೆದರು.

“ಆ ಮನಷ್ಯಾನ್ನ ಅಲ್ಲಿಂದ ತಗಿ.”

ನನ್ನ ತಾಳ್ಮೆ ಹರಿಯಿತು. “ಯಾಕ್ರಿ? ಈಗ ಮೀಸಿ ಸೊಟ್ಟ ಆಗೈತೇನ್ರಿ?”

“ಮೀಸಿ ಚೊಲೊ ಆಗೈತಿ. ಅಲ್ಲಿ ನಾ ಎಂದೂ ಕುಂತಿಲ್ಲ.” ಮಾವ ತಲೆ ಎತ್ತಲಿಲ್ಲ. “ನಾ ಎಣ್ಣಿ ಲಾರಿ ಡ್ರೈವರ್ ಇದ್ನಿ, ಯವ್ವಾ. ವಿಮಾನಕ್ಕ ಎಣ್ಣಿ ಹಾಕಾಂವ. ನಮ್ಮ ಮಗ ವಿಮಾನದಾಗ ಅದಾನ ಅಂತ ನಮ್ಮವ್ವ ಮಂದಿಗಿ ಹೇಳಿದ್ಲು. ಮಂದಿ ಹಾರಸ್ತಾನ ಅಂತ ತಿಳಕೊಂಡ್ರು. ನಾ ಅಲ್ಲ ಅನ್ನಲಿಲ್ಲ. ಇವತ್ತ ನನ್ನ ಹೆಣದ ಮುಂದ ಏನ ಮಾತಾಡ್ತಾರ ಅಂತ ಕೇಳಿದ್ನೆಲ್ಲ. ಅದ್ರಾಗ ನಾ ಇರಲೇ ಇಲ್ಲ.”

ನನಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಸಂಜೆ ದ್ರಾಕ್ಷಿ ತೋಟದಿಂದ ಬಂದ ಗಂಡನಿಗೆ ಹೇಳಿದರೆ, “ಹೂಂ, ನನಗ ಗೊತ್ತಿತ್ತು. ನೀ ಕೇಳಿರಲಿಲ್ಲ,” ಎಂದು ಕೈಕಾಲು ತೊಳೆಯಲು ಹೋದರು. ಅಪ್ಪ ಮಗ ಇಬ್ಬರೂ ಒಂದೇ ಎರಕದವರು.

ಅಂಟು ಕಲ್ಲಾಗಿತ್ತು. ಬೊಂಬೆ ತೆಗೆಯುವಾಗ ಗಾಜು ಬಿರುಕು ಬಿಟ್ಟಿತು. ಗೊಣಗುತ್ತ ಬೊಂಬೆಯನ್ನು ಎಣ್ಣೆ ಹಾಕುವವನಂತೆ ರೆಕ್ಕೆಯ ಮೇಲೆ ನಿಲ್ಲಿಸಲು ನೋಡಿದೆ. ಕೂಡಿಸಲೆಂದು ಮಾಡಿದ್ದರ ಕಾಲು ಮಡಿಚಿತ್ತು, ನಿಲ್ಲಲಿಲ್ಲ. “ಮಣಕಾಲ ಊರಿಸು, ಸಾಕು. ಹಂಗ ಕುಂತ ಎಣ್ಣಿ ಹಾಕೂದದು,” ಎಂದರು ಮಾವ. ಅವರ ದನಿಯಲ್ಲಿ ಬಹಳ ದಿನದ ಮೇಲೆ ಹುರುಪು ಕೇಳಿತು. ಕೆಂಪು ಮುಚ್ಚಳದ ಬಳಿ ಬೊಂಬೆ ಮಾವನನ್ನು ಮಂಡಿಯೂರಿಸಿ, ಕೈಗೆ ಕರಿ ದಾರದ ಪೈಪು ಕೊಟ್ಟೆ. ಮಾವ ನನ್ನಿಂದ ಮುಚ್ಚಳವನ್ನು ಕೀಳಿಸಿ ಸರಪಳಿಗೆ ಜೋತುಬಿಡಿಸಿದರು. ತೆರೆಯದೆ ಎಣ್ಣೆ ಹಾಕುವುದು ಹೇಗೆ ಎಂದು ನನ್ನನ್ನೇ ಕೇಳಿದರು.

ಮರುದಿನ ಬ್ಲೌಸು ಒಯ್ಯಲು ಬಂದ ಓಣಿಯ ಹೆಂಗಸು ವಿಮಾನ ನೋಡಿ ನಿಂತಳು. “ಪೈಲಟ್ ಅಜ್ಜಾರ, ನೀವ್ಯಾಕ ಹೊರಗ ಕುಂತೀರಿ?”

ಮಾವ ಕುರ್ಚಿಯಲ್ಲಿ ನೆಟ್ಟಗಾದರು. “ನಾ ಪೈಲಟ್ ಅಲ್ಲ ತಂಗಿ. ನಾ ಎಣ್ಣಿ ಹಾಕಾಂವ ಇದ್ನಿ.”

“ಅಯ್ಯ, ಸುಮ್ನಿರ್ರಿ ಅಜ್ಜಾರ, ಏನ ಚೇಷ್ಟಿ ಮಾಡ್ತೀರಿ,” ಎಂದು ನಕ್ಕು, ಬ್ಲೌಸು ಬಗಲಿಗಿಟ್ಟುಕೊಂಡು ಹೋದಳು.

ಮಾವ ಬಾಗಿಲ ಕಡೆ ನೋಡುತ್ತ ಕೂತರು. ಆಮೇಲೆ ವಿಮಾನವನ್ನು ನಡುಗುವ ಕೈಯಿಂದ ನನ್ನ ಕಡೆ ಸರಿಸಿದರು.

“ಪೈಪ ಭಾಳ ಸಣ್ಣ ಆಗೈತಿ, ಯವ್ವಾ. ಮಂದಿಗಿ ಕಾಣವಲ್ತು. ದಪ್ಪಂದು ಹಾಕು.”