ಕಟ್ಟಿಗೆಯ ಕಾರು ಓಡಿದ ಬೆಳಗು

ನನ್ನ ಗಂಡ ಮಾತು ಬಿಟ್ಟದ್ದು ಸಿಟ್ಟಿನಿಂದಲ್ಲ. ಹುನಗುಂದದ ಇವರ ಮನೆಯವರು ಮೊದಲು ಎತ್ತಿನ ಗಾಡಿ ಮಾಡುತ್ತಿದ್ದರು, ಆಮೇಲೆ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟಿದರು. ಗಾಡಿಗಳು ಹೋದವು. ಲಾರಿಗೆ ಕಬ್ಬಿಣದ ಬಾಡಿ ಬಂತು. ಕೊನೆಗೆ ಇವರ ಪಾಲಿಗೆ ಉಳಿದದ್ದು ಹಳೆಯ ಲಾರಿಗಳ ಮುರಿದ ಹಲಗೆ ಬದಲಿಸುವ ಕೆಲಸ, ಅದೂ ಯಾರಾದರೂ ಕರೆದರೆ. ಕೆಲಸ ಕಡಿಮೆಯಾದಂತೆ ಮಾತೂ ಕಡಿಮೆಯಾಗಿ, ಊಟಕ್ಕೆ ಕೂತಾಗ ರೊಟ್ಟಿ ಸಾಕು ಎನ್ನುವುದಕ್ಕೂ ತಾಟಿನ ಮೇಲೆ ಕೈ ಅಡ್ಡ ಹಿಡಿಯುವಷ್ಟಕ್ಕೆ ಬಂದು ನಿಂತಿತು. ನಾನು ಗುಳೇದಗುಡ್ಡದ ಮಗ್ಗದ ಮನೆಯವಳು. ಹಗಲೆಲ್ಲ ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡಿ ಬೆಳೆದವಳಿಗೆ ಆ ಮೌನದಲ್ಲಿ ಉಸಿರು ಕಟ್ಟುತ್ತಿತ್ತು. ಖಣದ ಕುಪ್ಪಸ ಹೊಲಿಯುತ್ತ ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವರು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಒಂದು ಸಂಜೆ ಅವರೇ ಬಾಯಿ ಬಿಟ್ಟರು.

"ಒಂದು ಕಾರ್ ಕಟ್ಟಬೇಕಂತ ಮಾಡೇನಿ. ಕಟ್ಟಿಗಿದು. ರೇಸಿನ್ಯಾಗ ಓಡ್ತಾವಲ್ಲ, ಹಂತಾದ್ದು."

"ಮಳಿ ಬಂದ್ರ ಚಿಗತೈತಿ ನೋಡ್ರಿ ಮತ್ತ," ಅಂದೆ.

ಅವರು ನಕ್ಕುಬಿಟ್ಟರು. "ಹುಚ್ಚಿ, ಕಬ್ಬಿಣಕಿಂತ ಹಗರು ಇರತೈತಿ. ಹಗರು ಇದ್ದದ್ದು ಜೋರ ಓಡತೈತಿ" ಎಂದು ಗಾಳಿಯಲ್ಲಿ ಕೈಯಾಡಿಸಿ, ಅದರ ಮೂಗು ಹೇಗಿರುತ್ತದೆ, ಬೆನ್ನು ಹೇಗೆ ಬಾಗುತ್ತದೆ ಎಂದು ಪಲ್ಯ ಆರುವ ತನಕ ವಿವರಿಸಿದರು. ಕಾರು ಓಡಲಿ, ಬಿಡಲಿ, ಈ ಮನುಷ್ಯ ಹೀಗೇ ಮಾತಾಡುತ್ತಿದ್ದರೆ ಸಾಕು ಅನ್ನಿಸಿತು ನನಗೆ. ಅವತ್ತಿನಿಂದ ನಾನು ಕಾರಿನ ಪಕ್ಷ.

ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ ಜನ ಬಿಚ್ಚಿ ಮಾರಿದ ಮನೆಗಳ ಸಾಗವಾನಿ ತೊಲೆಗಳನ್ನು ಮಾವನವರು ತಂದು ಹಿತ್ತಲಲ್ಲಿ ಒಟ್ಟಿದ್ದರು. ಇವರು ಅವನ್ನು ತೆಳ್ಳಗೆ ಸೀಳಿ, ಹಬೆಯಲ್ಲಿ ಬಾಗಿಸಿ, ಪದರದ ಮೇಲೆ ಪದರ ಅಂಟಿಸಿ ಕಾರಿನ ಮೈ ಕಟ್ಟಿದರು. ಇಳಕಲ್ಲಿನಲ್ಲಿ ಗ್ಯಾರೇಜ್ ಇಟ್ಟಿದ್ದ ಇವರ ಶಾಲೆಯ ಗೆಳೆಯ, ನಮಗೆಲ್ಲ ಅವನು ಭಾಯಿ, ಅಪಘಾತದಲ್ಲಿ ನುಜ್ಜಾದ ಕಾರೊಂದರ ಇಂಜಿನ್ ತಂದು ಸೀಟಿನ ಹಿಂದೆ ಕೂರಿಸಿದ. ಇಬ್ಬರೂ ದಿನಾ ಜಗಳಾಡುತ್ತಿದ್ದರು. ನಾನು ಚಹಾ ಕೊಡುವ ನೆವದಲ್ಲಿ ಹೋಗಿ ನಿಂತು ಆ ಜಗಳ ಕೇಳುತ್ತಿದ್ದೆ. ಓಣಿಯ ಹೆಂಗಸರು ಇಣುಕಿ, "ನಿಮ್ಮ ಮನಿಯವ್ರು ತೊಟ್ಟಲಾ ಮಾಡಾಕತ್ಯಾರೇನ್ರಿ, ಈ ವಯಸ್ಸಿನ್ಯಾಗ?" ಎಂದರು.

"ಹೌದ್ರಿ, ಪೆಟ್ರೋಲ್ ಕುಡಿಯೂ ಕೂಸು," ಅಂದೆ. ಒಳಗಿನಿಂದ ಅವರ ನಗು ಕೇಳಿಸಿತು.

ಇಳಕಲ್ಲಿನಾಚೆ ಇನ್ನೂ ಸಂಚಾರಕ್ಕೆ ಬಿಡದ ಒಂದು ಹೊಸ ರಸ್ತೆಯಿತ್ತು. ಒಂದು ಬೆಳಗ್ಗೆ ಕಾರನ್ನು ಅಲ್ಲಿಗೆ ಸಾಗಿಸಿದೆವು. ನಾನು ಕಾಯಿ ಒಡೆದೆ, ಗಾಲಿಗೆ ನಿಂಬೆಹಣ್ಣು ಇಟ್ಟೆ. ಅವರು ಒಳಗೆ ಕೂತು, ಯಾವತ್ತೂ ಇಲ್ಲದವರು, ನನ್ನ ಕಡೆ ತಿರುಗಿ ಕೈ ಬೀಸಿದರು.

ಓಡಿತು. ಸುಳ್ಳು ಹೇಳಬಾರದು, ಅಷ್ಟು ಚಂದದ ಓಟ ನಾನು ಕಂಡಿಲ್ಲ. ಕಣ್ಣು ಮಿಟುಕಿಸುವುದರೊಳಗೆ ದೂರದಲ್ಲಿ ಸಣ್ಣದಾಯಿತು. ಭಾಯಿ ರುಮಾಲು ಹಾರಿಸಿ ಕುಣಿಯುತ್ತಿದ್ದ. ಅಷ್ಟರಲ್ಲಿ ಇಡೀ ಕಾರು ಗಡಗಡ ನಡುಗಿದ್ದು ದೂರದಿಂದಲೂ ಕಂಡಿತು. ಮುಂದಿನ ಒಂದು ಗಾಲಿ ಕಿತ್ತು ತನ್ನ ಪಾಡಿಗೆ ತಾನು ಹೊಲದ ಕಡೆ ಉರುಳಿತು, ಕಾರು ತಗ್ಗಿಗೆ ಬಿತ್ತು. ನಾನು ಚಪ್ಪಲಿ ಬಿಟ್ಟು ಓಡಿದೆ.

ಜೀವಕ್ಕೆ ಅಪಾಯವಾಗಲಿಲ್ಲ. ಮುಂಗೈ ಮೂಳೆ ಮುರಿದಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಭಾಯಿ ತನ್ನದೇ ತಪ್ಪು ಎಂದು ಹಣೆ ಚಚ್ಚಿಕೊಂಡ. ಇವರು ತಲೆ ಅಲ್ಲಾಡಿಸಿದರು.

"ನಿಂದಲ್ಲೋ. ಎಲ್ಲಾ ಸಂದು ಬಿಗಿ ಮಾಡಿದ್ನಿ. ಮುಂದಿನ ಗಾಲಿ ಹಿಡಿಯೂ ಕಟ್ಟಿಗಿಗೆ ಮಾತ್ರ ಬೆಣಿ ಸಡ್ಲ ಬಿಟ್ಟೇನಿ. ಗಾಡಿಗೆ ಬಿಡ್ತೀವಲ್ಲ, ಹಂಗ. ಬ್ಯಾಡಂತ ಗೊತ್ತಿತ್ತು. ಕೈ ಕೇಳಲಿಲ್ಲ."

ಎರೆ ಹೊಲದ ತಗ್ಗುದಿನ್ನೆಯಲ್ಲಿ ಹೋಗುವ ಗಾಡಿಯನ್ನು ಯಾರೂ ಪೂರಾ ಬಿಗಿಯುವುದಿಲ್ಲ. ಬಿಗಿದರೆ ಮುರಿಯುತ್ತದೆ. ಕೂಸಿದ್ದಾಗಿನಿಂದ ಅಪ್ಪನ ಪಕ್ಕ ಕೂತು ಅವರು ಕಲಿತದ್ದೇ ಅದನ್ನು, ಎಲ್ಲಿ ಎಷ್ಟು ಸಡಿಲ ಬಿಡಬೇಕೆಂದು. ಎತ್ತಿನ ಹೆಜ್ಜೆಗೆ ಸರಿಯಾದದ್ದು ಆ ವೇಗಕ್ಕೆ ಆಗಲಿಲ್ಲ. ಇನ್ನೊಂದು ಬೆಣೆ ಬಡಿದರೆ ಮುಗಿಯುವ ಮಾತು ಎಂದು ಭಾಯಿ ಎಷ್ಟೋ ಹೇಳಿದ. ಇವರು ಪ್ಲಾಸ್ಟರ್ ಹಾಕಿದ ತಮ್ಮ ಕೈಯನ್ನು ಪರರ ಕೈ ನೋಡಿದಂತೆ ನೋಡುತ್ತಿದ್ದರು. ಅಂದು ಬಾಯಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ.

ನಾನು ಸುಮ್ಮನಿರಲಿಲ್ಲ. ಕಣ್ಣೀರು ಹಾಕಿದೆ, ರೇಗಿದೆ, ಮಹಾಕೂಟದ ದೇವರಿಗೆ ಹರಕೆ ಹೊತ್ತೆ. ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ, ಒಂದು ಮಾತು ಬೈದಾರೆಂದು. ಅದನ್ನೇ ಉಂಡು ಎದ್ದರು.

ಬಾದಾಮಿ ರಸ್ತೆಯಲ್ಲಿ ಹೊಸ ಮದುವೆ ಹಾಲ್ ಕಟ್ಟಿಸಿದವರೊಬ್ಬರು ಕಾರಿನ ಸುದ್ದಿ ಕೇಳಿ ಮನೆಗೆ ಬಂದರು. "ನಮಗ ಓಡೂದ ಬ್ಯಾಡ್ರಿ. ಮದುಮಕ್ಕಳು ಕುಂತು ಫೋಟೋ ತಗಸ್ಕೋತಾರ," ಎಂದರು. ಇವರು ಗೋಣು ಹಾಕಿದರು. ಭಾಯಿ ಬಂದು ಇಂಜಿನ್ ಬಿಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಹೋದ.

ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಕಾರಿನ ಮುರಿದ ಮೂಗನ್ನು ಇವರೇ ರಿಪೇರಿ ಮಾಡಿ ಬಣ್ಣ ಹಚ್ಚಿದರು. ಮದುವೆ ಹಾಲ್‌ನ ಅಂಗಳದಲ್ಲಿ ನಾಲ್ಕೂ ಗಾಲಿಗಳ ಕೆಳಗೆ ಕಬ್ಬಿಣದ ಪಟ್ಟಿ ಹೂತು, ಸಿಮೆಂಟು ಹಾಕಿ, ಅಲುಗದಂತೆ ಬಿಗಿದರು. ಈ ಸಲ ಒಂದು ಕೂದಲಿನಷ್ಟೂ ಸಡಿಲ ಬಿಡಲಿಲ್ಲ.

ಮೊದಲ ಫೋಟೋ ನಿಮ್ಮಿಬ್ಬರದೇ ಆಗಲಿ ಎಂದು ಹಾಲ್ ಕಟ್ಟಿಸಿದವರು ಒತ್ತಾಯಿಸಿ ಕೂರಿಸಿದರು. ಇವರು ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ನೇರ ಮುಂದೆ ನೋಡಿದರು. ಮುಂದೆ ಇದ್ದದ್ದು ಕಾಂಪೌಂಡಿನ ಗೋಡೆ.

"ಕಾಕಾ, ಒಂಚೂರು ನಗ್ರಿ," ಎಂದ ಫೋಟೋದವನು.

ನಾನು ನಕ್ಕೆ. ಸೆರಗು ಸರಿಮಾಡಿಕೊಳ್ಳಲು ಬಗ್ಗಿದಾಗ ಅವರ ಬಲಗಾಲು ಕಂಡಿತು. ಇಂಜಿನ್ ಜೊತೆ ಎಕ್ಸಿಲರೇಟರ್ ಪೆಡಲೂ ಹೋಗಿ ಬೋಳಾಗಿದ್ದ ಹಲಗೆಯನ್ನು ಅದು ಇದ್ದ ಬಲವೆಲ್ಲ ಹಾಕಿ ಒತ್ತುತ್ತಿತ್ತು. ಫೋಟೋ ಆಯಿತು, ಇಳಿಯಿರಿ ಎಂದ ಮೇಲೂ ಅವರು ಕಾಲು ತೆಗೆಯಲಿಲ್ಲ.